ಹಳದಿ ಊರಿನಲ್ಲಿ ಕೆಂಪು ಚಪ್ಪಲಿ

ಅಯ್ಯೋ ಇದೆಂಥ ಹಳದಿ, ಗೋಡೆ, ಬಾಗಿಲು, ಚರ್ಚು, ಇಡೀ ಇಸಮಾಲ್ ಊರಿಗೇ ಯಾರೋ ಅರಿಶಿನ ಬಳಿದ ಹಾಗೆ, ಕಣ್ಣು ಕುಕ್ಕುತ್ತದೆ, ಕಾಲು ಸುಡುತ್ತದೆ, ಸುಡದೆ ಏನು, ಮೆಕ್ಸಿಕೋದ ಮಟಮಟ ಮಧ್ಯಾಹ್ನ, ಎಡಗಾಲಿನ ಕೆಂಪು ಚಪ್ಪಲಿ ಸಿಕ್ಕಿತು, ಬಲಗಾಲಿನದೆಲ್ಲಿ? ಇಲ್ಲಿ ಯಾರೂ ಚಪ್ಪಲಿ ಬಿಡಲ್ಲ ಕಣೇ ಇಂದು, ಅಂದರು ಇವರು, ಗ್ಯಾಲ್ವೆಸ್ಟನ್ ಬಂದರಿನಲ್ಲಿ ಪ್ರವಾಸದ ಹಡಗು ಹತ್ತಿದ ಮೇಲೆ ನನ್ನ ಗಂಡ ಚಂದ್ರಮೋಹನರು ಆಡಿದ ಅತಿ ಉದ್ದದ ಮಾತು ಅದು — ದೇವರು ಯಾರವನಾದರೇನು, ಬಿಟ್ಟೆ, ಬಿಟ್ಟಿದ್ದೂ ಮೈಸೂರಿನ ಅಭ್ಯಾಸದಂತೆ, ಒಂದು ಚರ್ಚಿನ ಬಾಗಿಲ ಬಳಿ, ಇನ್ನೊಂದು ಅಂಗಳದಾಚೆ ಯಾವುದೋ ಕಂಬದ ಬುಡದಲ್ಲಿ, ಜೋಡಿ ಒಟ್ಟಿಗಿದ್ದರೆ ತಾನೇ ಕಳ್ಳನಿಗೆ ಆಸೆ ಅಂದಿದ್ದೆ ಇವರಿಗೆ, ಆದರೆ ಯಾವ ಕಂಬ? ಸುತ್ತಲೂ ಕಂಬಗಳೇ, ಎಲ್ಲವೂ ಹಳದಿ, ನಗು ತಡೆಯಲಾಗುತ್ತಿಲ್ಲ, ಮೂರಕ್ಕೆ ಬಸ್ಸು, ಸಂಜೆಗೆ ಹಡಗು, ಯಾರಿಗೂ ಕಾಯುವುದಿಲ್ಲ ಎಂದು ಗೈಡ್ ಎರಡು ಸಲ ಹೇಳಿದ್ದಾಳೆ, ಸೋಮವಾರವೂ ಕಾಯುವುದಿಲ್ಲ, ಅವತ್ತೇ ಆಸ್ಟಿನ್ ಆಫೀಸಿಗೆ ಉತ್ತರ ಕೊಡಬೇಕು, ಕೆಲಸಕ್ಕೆ ಬರುತ್ತೇನೋ ಇಲ್ಲವೋ, ಹನ್ನೊಂದು ವರ್ಷ ಕ್ಲಿಯರ್ ಲೇಕಿನ ನಮ್ಮ ಮನೆಯಲ್ಲಿ ಕಂಡವರ ಮಕ್ಕಳನ್ನು ಆಡಿಸುತ್ತಾ ಸಂಜೆ ಕಾಲೇಜಿಗೆ ಹೋಗಿ ಕಲಿತದ್ದು ಈಗ ಕೈಹಿಡಿದಿದೆ, ವಾರವಿಡೀ ಅಲ್ಲಿ, ಶುಕ್ರವಾರ ಮನೆಗೆ, ಬರೀ ಮೂರು ಗಂಟೆ ಡ್ರೈವ್ ರೀ, ಅಂದರೆ ಇವರದು ಹೂಂ, ಆ ಹೂಂ ಹೋಗು ಎಂದೋ ಬೇಡ ಎಂದೋ, ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರೂ ನನಗೆ ಬಗೆಹರಿದಿಲ್ಲ, ಬೇಡ ಎಂದುಬಿಟ್ಟರೆ? ಹೋಗದೆ ಇರಲಾರೆ, ಇವರ ಮುನಿಸು ಕಟ್ಟಿಕೊಂಡು ಹೋಗಲೂ ಆರೆ.

ಬಸ್ಸು ಹಾರ್ನ್ ಹೊಡೆಯುತ್ತಿದೆ, ಇವರು ಕಾಣುತ್ತಿಲ್ಲ, ಕಿಟಕಿ ಪಕ್ಕ ಹಾಯಾಗಿ ಕೂತಿರಬೇಕು, ಕೂರಲಿ, ಒಂಟಿ ಚಪ್ಪಲಿಯಲ್ಲೇ ಕುಂಟುತ್ತೇನೆ — ಅದ್ಯಾರು ಅಂಗಳದ ಹುಲ್ಲಿನ ಮೇಲೆ ಓಡಿ ಬರುತ್ತಿರುವುದು, ಹೊಟ್ಟೆ ಕುಣಿಸುತ್ತಾ, ಟೋಪಿ ಕೂಡ ಬಿದ್ದುಹೋಗಿ, ಇವರೇ! ಮನೆಯಲ್ಲಿ ತಮ್ಮ ಬೂಟನ್ನೂ ಕಾಲಲ್ಲೇ ಸರಿಸುವ ಮಹಾರಾಯರು, ಕೈಯಲ್ಲಿ ನನ್ನ ಕೆಂಪು ಚಪ್ಪಲಿ! ನಲವತ್ತೊಂದನೇ ಕಂಬ ಕಣೇ, ಒಂದೊಂದೂ ನೋಡ್ಕೊಂಡು ಬಂದೆ, ಏದುಸಿರು, ಬಗ್ಗಿ ಕಾಲ ಬಳಿ ಇಟ್ಟರು, ನೀನ್ ಹೇಳಿದ್ದೇ ಸರಿ, ಒಂದೊಂದು ಒಂದೊಂದ್ ಕಡೆ ಇದ್ರೂ ಜೋಡಿ ಎಲ್ಲೂ ಹೋಗಲ್ಲ, ಕೆಲಸಕ್ಕೆ ಬರ್ತೀನಿ ಅಂತ ಸೋಮವಾರ ಹೇಳ್ಬಿಡು, ಶುಕ್ರವಾರ ಮಾತ್ರ ಲೇಟ್ ಮಾಡ್ಬೇಡ — ಹೂಂ, ಅಂದೆ ನಾನು, ನನಗೂ ಅಷ್ಟೇ ಬಂದದ್ದು, ಚಪ್ಪಲಿ ಮೆಟ್ಟಿ ಇವರ ಕೈ ಹಿಡಿದು ಓಡಿದೆ, ಬಸ್ಸು ಹೊರಟಿತು, ಸಮುದ್ರ ಕಂಡಿತು, ಹಡಗು ಕಂಡಿತು, ಇವರು ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ, ನನಗೆ ಮಾತ್ರ ಕಣ್ಣು ಮುಚ್ಚಿದರೂ ತೆರೆದರೂ ಅದೇ, ಹಳದಿ ಗೋಡೆ, ಓಡಿ ಬರುವ ಇವರು, ಕೈಯಲ್ಲಿ ಎತ್ತಿ ಹಿಡಿದ ಕೆಂಪು ಚಪ್ಪಲಿ, ಕೆಂಪು ಚಪ್ಪಲಿ