ಗುಲಶನಳ ಇಟ್ಟಂಗಿ ಆಟ

ಬೇಸಿಗೆ ರಜೆ ಶುರುವಾದ ಕೂಡಲೇ ನಜಮಾ ಮಗಳು ಗುಲಶನಳನ್ನು ವಿಜಾಪುರದಿಂದ ಕರೆತಂದು ತಿಕೋಟಾದ ತವರುಮನೆಯಲ್ಲಿ ಬಿಟ್ಟಳು. ಹೊರಡುವಾಗ ಬಾಗಿಲಲ್ಲಿ ನಿಂತು ತಾಯಿ ಪೀರಾಂಬಿಗೂ ತಮ್ಮ ಇಸ್ಮಾಯಿಲನಿಗೂ ಒಂದೇ ಮಾತು ಹೇಳಿದಳು.

"ಆಕಿ ಬಲಗೈ ಮುಟ್ಟಬ್ಯಾಡ್ರಿ. ಯಾರೂ ಮುಟ್ಟಬ್ಯಾಡ್ರಿ."

ಗುಲಶನಳಿಗೆ ಹತ್ತು ವರ್ಷ. ಚಳಿಗಾಲದಲ್ಲಿ ಮಾಳಿಗೆಯ ಏಣಿಯಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದಳು. ಮೂಳೆ ಚೆನ್ನಾಗಿಯೇ ಕೂಡಿತ್ತು. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮಡಚಿದ್ದು ಮಡಚಿದಂತೆಯೇ ಉಳಿಯಿತು. ದಿನಾ ಆಡಿಸಬೇಕು, ಇಲ್ಲದಿದ್ದರೆ ಹೀಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರರು ಹೇಳಿದರು. ಅವರು ಕೈ ಹಿಡಿದು ಮೆಲ್ಲಗೆ ಚಾಚಿಸಲು ಹೋದಾಗ ಹುಡುಗಿ ಚೀರಿದ ಚೀರಿಗೆ ನಜಮಾ ಅವಳನ್ನು ಎತ್ತಿಕೊಂಡು ಹೊರಗೆ ಬಂದವಳು ಮತ್ತೆ ಆ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ಒಣಗಿಸಿದ ಮೆಣಸಿನಕಾಯಿ ತರಲು ಮಗಳನ್ನು ಮಾಳಿಗೆಗೆ ಕಳಿಸಿದ್ದು ತಾನೇ ಎಂಬುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅಂದಿನಿಂದ ಅವಳೇ ಉಣಿಸುವಳು, ಅವಳೇ ತಲೆ ಬಾಚುವಳು, ಅವಳೇ ಗುಂಡಿ ಹಾಕುವಳು. ಗುಲಶನ ಬಲಗೈಯನ್ನು ಓಢಣಿಯೊಳಗೆ ಮುಚ್ಚಿಟ್ಟುಕೊಂಡು ಉಳಿದ ಕೆಲಸವನ್ನೆಲ್ಲ ಎಡಗೈಯಲ್ಲಿ ಮಾಡಲು ಕಲಿತಳು.

ಇಸ್ಮಾಯಿಲ ಸರಕಿನ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು. ಮುಂಬಯಿಯಲ್ಲಿ ಹಡಗಿಳಿದು ಆ ವರ್ಷ, ಎಪ್ಪತ್ತೊಂಬತ್ತರಲ್ಲಿ, ರಜೆಗೆ ಊರಿಗೆ ಬಂದಿದ್ದ. ಅಕ್ಕನ ಮಗಳು ಇಡೀ ದಿನ ಗೋಡೆಗೊರಗಿ ಸುಮ್ಮನೆ ಕೂರುವುದನ್ನು ಅವನಿಗೆ ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕಂಡ ಊರುಗಳ ಸುದ್ದಿ ತೆಗೆದ.

"ಜಪಾನದಾಗ ಒಂದು ಆಟದ ಮಶೀನ್ ಐತಿ. ಟೀವಿ ಇದ್ದಂಗ. ಅದರಾಗ ಮ್ಯಾಲ ಇಟ್ಟಂಗಿ ಗ್ವಾಡಿ, ಕೆಳಗ ಒಂದು ಪಟ್ಟಿ. ಪಟ್ಟಿ ಸರಿಸಿ ಚಂಡು ಹೊಡದ್ರ ಒಂದೊಂದ ಇಟ್ಟಂಗಿ ಒಡದು ಮಾಯ ಆಗತೈತಿ. ಅಲ್ಲಿ ಮಂದಿ ಊಟ ಬಿಟ್ಟು ಆಡತಾರ."

"ಗ್ವಾಡಿ ಆಚೀಕಡೆ ಏನಿರತೈತಿ, ಮಾಮು?"

"ಏನೂ ಇರಂಗಿಲ್ಲ. ಒಂದು ಗ್ವಾಡಿ ಮುಗೀತಂದ್ರ ಮತ್ತೊಂದು ಬರತೈತಿ."

"ಏನೂ ಇಲ್ಲಂದಮ್ಯಾಲ ಯಾಕ ಒಡೀಬೇಕು?"

ಎರಡು ದಿನ ಇಸ್ಮಾಯಿಲನ ತಲೆಯಲ್ಲಿ ಆ ಮಾತೇ ಸುತ್ತಿತು. ಮೂರನೆಯ ದಿನ ಹಿತ್ತಲಲ್ಲಿ ಎರೆಮಣ್ಣು ಕಲೆಸಿ, ಸಾಬೂನಿನ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ಸಣ್ಣ ಸಣ್ಣ ಇಟ್ಟಂಗಿ ಬಡಿದು ಬಿಸಿಲಿಗಿಟ್ಟ. ಒಣಗಿದ ಮೇಲೆ ಹಿತ್ತಲ ಗೋಡೆಯ ಬದಿಗೆ ಒಂದು ಇಕ್ಕಟ್ಟು ದಾರಿ ಕಟ್ಟಿದ. ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಮೊಣಕಾಲೆತ್ತರದ ಗೋಡೆ. ಪ್ರತಿ ಗೋಡೆಯ ಹಿಂದೆ ಮುಚ್ಚಿಟ್ಟ ಒಂದು ವಸ್ತು. ಕಪ್ಪೆಚಿಪ್ಪು, ಬಣ್ಣದ ಗಾಜು, ಬೆಲ್ಲದ ಉಂಡೆ. ಕಟ್ಟಿಗೆಯ ಒಂದು ಪುಟ್ಟ ಕೊಡತಿಯನ್ನೂ ಕೆತ್ತಿ ಅವಳ ಮುಂದಿಟ್ಟ.

"ಒಡದು ಮುಂದ ಹೋಗಬೇಕು. ಹಾರಿ ದಾಟಂಗಿಲ್ಲ. ಸಿಕ್ಕಿದ್ದೆಲ್ಲಾ ನಿಂದ."

ಗುಲಶನ ಎಡಗೈಯಲ್ಲಿ ಕೊಡತಿ ಹಿಡಿದು ದಾರಿಯಲ್ಲಿ ಕೂತಳು. ಎಡಕ್ಕೆ ಹಿತ್ತಲ ಗೋಡೆ ಒತ್ತಿಕೊಂಡಿತ್ತು. ಆ ಕೈ ಬೀಸಲು ಜಾಗವೇ ಇರಲಿಲ್ಲ. ಅವಳು ತಿರುಗಿ ಮಾಮನನ್ನು ದುರುಗುಟ್ಟಿ ನೋಡಿದಳು.

"ಗೊತ್ತಾತು ಬಿಡು, ನಿನ್ನ ಶ್ಯಾಣೇತನ."

ಆದರೂ ಎದ್ದು ಹೋಗಲಿಲ್ಲ. ಓಢಣಿಯೊಳಗಿನಿಂದ ಬಲಗೈ ಹೊರಬಂತು. ಒಂದು ಏಟು ಹಾಕಿದಳು. ಇಟ್ಟಂಗಿ ಅಲುಗಲಿಲ್ಲ. ಇನ್ನೊಂದು ಹಾಕಿದಳು. ನೋವು ಭುಜದವರೆಗೆ ಏರಿತು. ಕೊಡತಿ ಒಗೆದು ಅಳುತ್ತ ಒಳಗೆ ಓಡಿ ನಾನಿ ಪೀರಾಂಬಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಇಸ್ಮಾಯಿಲ ಹಿತ್ತಲಲ್ಲೇ ತಲೆ ತಗ್ಗಿಸಿ ಕೂತ. ಅಕ್ಕ ಹೇಳಿ ಹೋದ ಒಂದೇ ಒಂದು ಮಾತನ್ನು ತಾನು ಉಳಿಸಿಕೊಳ್ಳಲಿಲ್ಲ ಅನ್ನಿಸಿತು.

ಮರುದಿನ ಬರೀ ಒದ್ದೆ ಮರಳು ಕೂಡಿಸಿ ಮತ್ತೊಂದು ಗೋಡೆ ಕಟ್ಟಿದ. ಇದನ್ನು ಗುಲಶನ ಬೆರಳಿನಿಂದ ಮುಟ್ಟಿದ್ದೇ ತಡ, ಪುಸಕ್ಕನೆ ಕುಸಿಯಿತು. ಅವಳಿಗೆ ನಿನ್ನೆಗಿಂತ ಹೆಚ್ಚು ಸಿಟ್ಟು ಬಂತು.

"ನನ್ನ ಕೈಲೇ ಏನೂ ಆಗಂಗಿಲ್ಲಂತ ಹಿಂಗ ಮಾಡಿಯೇನು?"

ಬಾಗಿಲಲ್ಲಿ ನಿಂತಿದ್ದ ಪೀರಾಂಬಿ ನಕ್ಕಳು. "ಮಣ್ಣಿಗೆ ಹೊಟ್ಟು ಹಾಕ್ರಿ, ಒಂದೀಟು ಬೂದಿ ಹಾಕ್ರಿ. ಬಿರಸೂ ಇರತೈತಿ, ಹೊಡದ್ರ ಒಡೀತೈತಿ."

ಹೊಟ್ಟು ಎಷ್ಟು, ಬೂದಿ ಎಷ್ಟು ಎನ್ನುವುದನ್ನು ಮೂವರೂ ಕೂಡಿ ಕಂಡುಕೊಂಡರು. ಒಂದು ಇಟ್ಟಂಗಿ ನಾಲ್ಕೈದು ಏಟಿಗೆ ಬಿರಿದು, ಕೊನೆಯ ಏಟಿಗೆ ಎರಡು ಹೋಳಾಗಬೇಕು. ಗುಲಶನಳಿಗೆ ಬೇಕಾಗಿದ್ದುದು ಅದು. ಮೊದಲ ಗೋಡೆ ಒಡೆದು ಕಪ್ಪೆಚಿಪ್ಪು ಸಿಕ್ಕಾಗ ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ರೇಣುಕವ್ವ ಏನಾಯಿತೋ ಎಂದು ಓಡಿ ಬಂದಳು.

ಆಟ ದಿನದಿನಕ್ಕೆ ಬೆಳೆಯಿತು. ದಾರಿ ಕವಲೊಡೆಯಿತು. ಒಮ್ಮೆ ಇಸ್ಮಾಯಿಲ ಒಂದು ಗೋಡೆಯಲ್ಲಿ ಕಲ್ಲು ಸೇರಿಸಿ ಮೇಲೆ ಮಣ್ಣು ಮೆತ್ತಿದ. ಗುಲಶನ ಹೊಡೆದಳು, ಕೈ ಜುಮ್ಮೆಂದಿತು. ಅವಳು ಈ ಸಲ ಅಳಲಿಲ್ಲ, ಜಗಳಕ್ಕೆ ನಿಂತಳು.

"ಒಡಿಯೋದು ಯಾವುದು, ಒಡೀಲಾರದ್ದು ಯಾವುದು ಅಂತ ನೋಡಿದ್ರ ಗೊತ್ತಾಗಬೇಕು. ಇಲ್ಲಂದ್ರ ಅದು ಆಟ ಅಲ್ಲ ಮಾಮು, ಮೋಸ."

"ತಪ್ಪಾತವ್ವ," ಎಂದ ಇಸ್ಮಾಯಿಲ. ಅಂದಿನಿಂದ ಒಡೆಯುವ ಇಟ್ಟಂಗಿಯ ಮೇಲೆ ಜಾಲಿ ಮುಳ್ಳಿನಿಂದ ಕೂದಲೆಳೆಯಂಥ ಒಂದು ಬಿರುಕು ಗೀರುವುದು ರೂಢಿಯಾಯಿತು. ಆ ಗೀರು ಹುಡುಕುತ್ತ ಅವಳು ಗೋಡೆಯುದ್ದಕ್ಕೂ ಕೈ ಆಡಿಸುವಳು. ಬರಬರುತ್ತ ಒಡೆಯುವುದಕ್ಕಿಂತ ಕಟ್ಟುವುದೇ ಅವಳಿಗೆ ರುಚಿಸತೊಡಗಿತು. ಮಣ್ಣು ತುಳಿದು, ಎರಡೂ ಕೈಯಿಂದ ನಾದಿ, ಅಚ್ಚಿಗೆ ಒತ್ತುವಳು. ಕೈ ನೋಯುತ್ತದೆಯೇ ಎಂದು ಕೇಳಿದರೆ, "ನೋಯತೈತಿ, ಸುಮ್ನಿರು," ಎಂದು ಕೆಲಸಕ್ಕೆ ಬಾಗುವಳು.

ಒಂದು ಭಾನುವಾರ ಹೇಳದೆ ಕೇಳದೆ ನಜಮಾ ಬಸ್ಸಿಳಿದು ಬಂದಳು. ಒಳಗೆ ಯಾರೂ ಕಾಣದೆ ಹಿತ್ತಲಿಗೆ ಹೋದಳು. ಮಗಳು ಮೈಯೆಲ್ಲ ಮಣ್ಣಾಗಿ, ಹಲ್ಲು ಕಚ್ಚಿಕೊಂಡು ಅದೇ ಬಲಗೈಯಲ್ಲಿ ಕೊಡತಿ ಬೀಸುತ್ತಿದ್ದಳು.

"ಏನ್ ಮಾಡಾಕತ್ತೀರಿ ನನ್ನ ಮಗಳಿಗೆ?"

ಅವಳ ದನಿಗೆ ಇಸ್ಮಾಯಿಲ ಬೆಚ್ಚಿ ಎದ್ದು ನಿಂತ. "ಆಪಾ, ಕೇಳಿಲ್ಲಿ, ಆಕಿನ—"

"ಕೈ ಮುಟ್ಟಬ್ಯಾಡ್ರಿ ಅಂದಿದ್ನೋ ಇಲ್ಲೋ? ನೀ ಹಡಗ ಹತ್ತಿ ಹೋಗ್ತಿ. ಮತ್ತ ಮುರದ್ರ ಕೂತು ಅಳಾಕಿ ನಾನು!"

ಕಾಲಿನಿಂದ ಗೋಡೆಗಳನ್ನು ಒದ್ದಳು. ಒಂದರ ಹಿಂದೆ ಒಂದು ಉರುಳಿದವು. ಗುಲಶನ "ಅಮ್ಮಿ, ಬ್ಯಾಡ" ಎನ್ನುತ್ತಿದ್ದಂತೆ ಅವಳ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಮುಂದಿನ ಬಸ್ಸಿಗೇ ಕರೆದುಕೊಂಡು ಹೋದಳು. ಪೀರಾಂಬಿ ಮಾಡಿಟ್ಟ ಚಹಾ ಹಾಗೆಯೇ ಆರಿತು.

ವಿಜಾಪುರದ ಮನೆಯಲ್ಲಿ ಗುಲಶನ ಮಾತು ಬಿಟ್ಟಳು. ತಾಯಿ ತುತ್ತು ಮಾಡಿ ಹಿಡಿದರೆ ಬಾಯಿ ತೆರೆಯಲಿಲ್ಲ. ತಾಟು ಎಳೆದುಕೊಂಡು, ಮೊಣಕೈ ನಡುಗುತ್ತಿದ್ದರೂ ಬಲಗೈಯಲ್ಲೇ ಉಂಡಳು. ಅರ್ಧ ಅನ್ನ ಚೆಲ್ಲಿತು. ನಜಮಾ ಚೆಲ್ಲಿದ ಅನ್ನ ಬಳಿದು ತೆಗೆದಳು. ಮರುದಿನ ಬಚ್ಚಲ ಹಿಂದೆ ಮಣ್ಣು ಕಲೆಸುವ ಸಪ್ಪಳ ಕೇಳಿಸಿತು. ಗದರಿಸಲು ಎದ್ದವಳು ಅಡುಗೆಮನೆ ಬಾಗಿಲಲ್ಲೇ ನಿಂತಳು. ಹುಡುಗಿ ತನ್ನಷ್ಟಕ್ಕೆ ತಾನು ಏನೋ ಗುನುಗುತ್ತಿದ್ದಳು. ಬಿದ್ದ ದಿನದಿಂದ ಆ ದನಿಯನ್ನು ನಜಮಾ ಕೇಳಿರಲಿಲ್ಲ. ಮೆಲ್ಲಗೆ ಹಿಂದೆ ಸರಿದು ಒಲೆಯ ಮುಂದೆ ಕೂತಳು.

ರಜೆ ಮುಗಿಯುತ್ತ ಬಂದಿತ್ತು. ಮುಂಬಯಿಗೆ ಹೊರಡುವ ಮುನ್ನ ಅಕ್ಕನ ಕಾಲು ಹಿಡಿದಾದರೂ ಸಮಾಧಾನ ಮಾಡಬೇಕೆಂದು ಇಸ್ಮಾಯಿಲ ವಿಜಾಪುರಕ್ಕೆ ಬಂದ. ಬಾಗಿಲು ತೆರೆದೇ ಇತ್ತು. ಹಿತ್ತಲಿನಿಂದ ದನಿಗಳು ಬರುತ್ತಿದ್ದವು.

ನಜಮಾ ಸೀರೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಕುಟ್ಟುವ ಒನಕೆಯ ತುಂಡು. ಎದುರಿಗೆ ಮಗಳು ಕಟ್ಟಿದ ಗೋಡೆ. ನಜಮಾ ಹೊಡೆದಳು. ಏನೂ ಆಗಲಿಲ್ಲ.

"ಅಲ್ಲಲ್ಲ ಅಮ್ಮಿ. ಸರಿ ನೋಡು, ಗೀರು ಐತಿ."

"ನನ್ನ ಕಣ್ಣಿಗೆ ಕಾಣವಲ್ದು. ಎಲ್ಲೈತಿ?"

"ಇಲ್ಲಿ."

ಗುಲಶನ ಗೋಡೆಯ ಆಚೆ ಬದಿಯಿಂದ ಕೈ ಚಾಚಿ ಬೆರಳಿಟ್ಟು ತೋರಿಸಿದಳು. ಬಲಗೈ. ಇಷ್ಟು ದಿನ ಎದೆಗೆ ಅಂಟಿಕೊಂಡಿದ್ದ ಕೈ ಉದ್ದಕ್ಕೆ, ಹೆಚ್ಚುಕಡಿಮೆ ನೆಟ್ಟಗೆ ಚಾಚಿತ್ತು. ನಜಮಾ ಎತ್ತಿದ ಒನಕೆ ಎತ್ತಿದಂತೆಯೇ ನಿಂತಿತು.

"ಇನ್ನೊಮ್ಮೆ ತೋರ್ಸು."

"ಇಲ್ಲೇ ಐತೆಲ್ಲಾ!"

"ಇನ್ನೊಮ್ಮೆ."

ಗುಲಶನ ಬೇಸರದಿಂದ ಮತ್ತೆ ಕೈ ಚಾಚಿದಳು. ನಜಮಾಳ ಕಣ್ಣು ತುಂಬಿ ಬಂತು. ಮಗಳಿಗೆ ಅದು ಅರ್ಥವಾಗಲಿಲ್ಲ. "ಅಳಾಕ ಏನಾತೀಗ? ಮೊದಲ ಒಡಿ. ಹಿಂದ ಪುಟಾಣಿ ಇಟ್ಟೇನಿ."

ನಜಮಾ ಒಡೆದಳು. ಹೋಳುಗಳ ನಡುವೆ ಕೈಹಾಕಿ, ಕಾಗದದಲ್ಲಿ ಸುತ್ತಿದ್ದ ಪುಟಾಣಿಯ ಪೊಟ್ಟಣ ತೆಗೆದು, ಅಲ್ಲೇ ಕೂತು ಮಗಳ ಜೊತೆ ತಿಂದಳು. ಆಮೇಲೆ ಬಾಗಿಲಲ್ಲಿ ನಿಂತ ತಮ್ಮ ಕಣ್ಣಿಗೆ ಬಿದ್ದ. ಉಳಿದ ಪುಟಾಣಿಯನ್ನು ಅವನತ್ತ ಚಾಚಿದಳು.

"ಅವತ್ತ ಬಾಳ ಅಂದ್ನಿ ನಿನಗ," ಎಂದಳು ನಜಮಾ.

"ಅನ್ನೂವಂಗ ಇತ್ತಲಾ, ಆಪಾ. ನಾನೂ ಅಂಜಿದ್ನಿ."

ಮರುದಿನ ಮೂವರೂ ದವಾಖಾನೆಗೆ ಹೋದರು. ಡಾಕ್ಟರರು ಮೊಣಕೈ ಹಿಡಿಯುವ ಮೊದಲೇ ಗುಲಶನ, "ಯಾವಾಗ ಎಳೀತೀರಿ ಅಂತ ಮೊದಲ ಹೇಳ್ರಿ," ಎಂದಳು. ಅವರು ಹೇಳಿಯೇ ಎಳೆದರು. ನೋವಾಯಿತು, ಹುಡುಗಿ ತಾಯಿಯ ಸೆರಗು ಕಚ್ಚಿಕೊಂಡಳು. ನಜಮಾ ಮುಖ ತಿರುಗಿಸಿದಳಾದರೂ ಎದ್ದು ಹೋಗಲಿಲ್ಲ. ಆ ಮೇಲೆ ವಾರವಾರವೂ ಅವಳೇ ಕರೆದುಕೊಂಡು ಹೋದಳು.

ಕೈ ಪೂರ್ತಿ ನೆಟ್ಟಗಾಗಲಿಲ್ಲ. ಒಂದು ಸಣ್ಣ ಬಾಗು ಉಳಿದೇ ಉಳಿಯಿತು. ಆದರೆ ಶಾಲೆ ಶುರುವಾದಾಗ ಗುಲಶನ ಬಲಗೈಯಲ್ಲೇ ಬರೆದಳು, ತಲೆಯನ್ನು ತಾನೇ ಬಾಚಿಕೊಂಡಳು. ಮುಂದಿನ ರಜೆಗೆ ಇಸ್ಮಾಯಿಲ ಬಂದಾಗ ಬಚ್ಚಲ ಹಿಂದಿನ ಜಾಗವೆಲ್ಲ ಗೋಡೆಗಳಿಂದ ತುಂಬಿಹೋಗಿತ್ತು. ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಡಲು ಹೋದ. ನಜಮಾ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವನ ತೋಳು ಹಿಡಿದಳು.

"ತಡಿ, ತಡಿ. ಇವತ್ತ ನನ್ನ ಪಾಳಿ."