ಗೋಡೆಯಾಚೆಗೆ ಹೋದ ಕೀಬೋರ್ಡು

ಒಲೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರುಗಳಿಗೆ ಸೆಕೆ ತಡೆಯಲಾಗಲಿಲ್ಲ. ಮನುಷ್ಯರಿಗೆ ತಡೆಯುತ್ತಿತ್ತೇ ಎಂದು ಯಾರೂ ಕೇಳಲಿಲ್ಲ.

ಅದು ಬಿಸ್ಕತ್ತಿನ ಕಾರ್ಖಾನೆ. ಒಲೆಯೆಂದರೆ ಉದ್ದನೆಯ ಸುರಂಗ. ಈ ತುದಿಯಲ್ಲಿ ಹಸಿ ಹಿಟ್ಟು ಒಳಗೆ ಹೋದರೆ ಆ ತುದಿಯಲ್ಲಿ ಬಿಸ್ಕತ್ತು ಹೊರಗೆ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಕೂತ ಆಪರೇಟರುಗಳು ಪರದೆ ನೋಡುತ್ತಾ ಉರಿ ಏರಿಸುತ್ತಿದ್ದರು, ಇಳಿಸುತ್ತಿದ್ದರು, ಬೆಲ್ಟಿನ ಓಟ ಹೆಚ್ಚುಕಡಿಮೆ ಮಾಡುತ್ತಿದ್ದರು. ಗಾಳಿಯಲ್ಲಿ ತೇಲಿ ಬಂದ ಮೈದಾ ಬೆವರಿಗೆ ಅಂಟಿ, ಕತ್ತಿನ ಮಡಿಕೆಯಲ್ಲಿ ಕಣಕವಾಗಿ ಕೂರುತ್ತಿತ್ತು. ಸಂಜೆ ಅದನ್ನು ಉಗುರಿನಿಂದ ಕೆರೆದು ತೆಗೆಯಬೇಕು.

ತಂತಿ ಎಂಬವನ ತಂಗಿ ಅಲ್ಲಿ ಆಪರೇಟರು. ಬಸುರಿ. ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಿದ್ದಳು. ಆ ವಿಷಯ ಅವಳು ಎತ್ತುತ್ತಿರಲಿಲ್ಲ, ಅಣ್ಣನೂ ಎತ್ತುತ್ತಿರಲಿಲ್ಲ. ಹೆರಿಗೆಗೆ ಸಂಬಳದ ರಜೆ ಸಿಗುತ್ತದೆ ಎಂಬುದೊಂದನ್ನು ಮಾತ್ರ ಇಬ್ಬರೂ ಆಗಾಗ ಹೇಳಿಕೊಳ್ಳುತ್ತಿದ್ದರು.

ತಂತಿ ಎಂಬುದು ಅಡ್ಡಹೆಸರು. ಹೆಗಲ ಮೇಲೆ ಸದಾ ಕೇಬಲ್ಲಿನ ಸುರುಳಿ ಇರುತ್ತಿದ್ದುದರಿಂದ ಹಾಗೆ. ಕಂಟ್ರಾಕ್ಟರನ ಕಡೆಯವನು, ಕರೆದಾಗ ಬಂದು ವೈರು ಎಳೆದು ಹೋಗುವವನು. ಒಂದು ದಿನ ಮ್ಯಾನೇಜರ್ ಅವನನ್ನು ಕರೆಸಿದ.

"ಕಂಪ್ಯೂಟರ್‌ಗಳು ಸಾಯ್ತಾ ಇವೆ ಕಣಯ್ಯ. ಪಾಪ, ಬಿಸಿ ತಡ್ಕೊಳಲ್ಲ. ಅವಕ್ಕೆ ಅಂತಲೇ ಎಸಿ ರೂಮ್ ಮಾಡ್ಸಿದೀನಿ."

"ಒಳ್ಳೇದಾಯ್ತು ಸಾರ್. ಆಪರೇಟರ್‌ಗಳೂ ಅಲ್ಲೇ ಕೂರ್ತಾರಾ?"

"ಏ, ಅವರೆಲ್ಲ ಉಸಿರು ಬಿಟ್ರೆ ರೂಮ್ ಬಿಸಿ ಆಗಲ್ವೇನೋ?"

ಹೀಗೆ ಕಂಪ್ಯೂಟರುಗಳು ತಂಪಿಗೆ ಹೋದವು. ಪರದೆ, ಕೀಬೋರ್ಡು, ಮೌಸು ಮತ್ತು ಮನುಷ್ಯರು ಒಲೆಯ ಪಕ್ಕದಲ್ಲೇ ಉಳಿದರು. ನಡುವೆ ತಂತಿಯ ಕೆಲಸ. ಪ್ರತಿ ಕಂಪ್ಯೂಟರಿನ ಬೆನ್ನಿಗೆ ಒಂದು ಡಬ್ಬಿ, ಪ್ರತಿ ಆಪರೇಟರಿನ ಮೇಜಿಗೆ ಒಂದು ಡಬ್ಬಿ. ಎರಡನ್ನೂ ನೆಟ್‌ವರ್ಕಿಗೆ ಸೇರಿಸಿದರೆ ಅಲ್ಲಿಯ ಚಿತ್ರ ಇಲ್ಲಿಗೆ ಬರುತ್ತದೆ, ಇಲ್ಲಿ ಒತ್ತಿದ ಗುಂಡಿ ಅಲ್ಲಿಗೆ ಮುಟ್ಟುತ್ತದೆ.

"ಇದು ಅದನ್ನ ಹೇಗೆ ಗುರುತು ಹಿಡಿಯುತ್ತೋ?" ಎಂದು ಕೇಳಿದರು ದೊಡ್ಡಪ್ಪ. ಅವರು ಯಾರ ದೊಡ್ಡಪ್ಪನೂ ಅಲ್ಲ. ಎಲ್ಲರಿಗಿಂತ ಹಳೆಯ ಆಪರೇಟರಾದ್ದರಿಂದ ಇಡೀ ಕಾರ್ಖಾನೆಗೇ ದೊಡ್ಡಪ್ಪ.

"ಎರಡು ಡಬ್ಬಿಗೂ ಬೀಗತನ ಬೆಳೆಸ್ಬೇಕು ದೊಡ್ಡಪ್ಪ. ಪ್ರತಿಯೊಂದಕ್ಕೂ ಬೇರೆ ಬೇರೆ ವಿಳಾಸ ಕೊಡ್ಬೇಕು. ಆಮೇಲೆ ಇವಳು ಆ ಮನೆಗೆ, ಅವನು ಈ ಮನೆಗೆ ಅಂತ ಜೋಡಿ ಮಾಡ್ಬೇಕು."

"ಜೋಡಿ ತಪ್ಪಿದ್ರೆ?"

"ಸಂಸಾರ ಬೀದಿಗೆ ಬರುತ್ತೆ."

ಬಂತು ಕೂಡ. ಹೊಸ ಡಬ್ಬಿಗಳೆಲ್ಲ ಹುಟ್ಟುವಾಗ ಒಂದೇ ವಿಳಾಸ ಹೊತ್ತು ಬಂದಿರುತ್ತವೆ. ಒಂದೊಂದಾಗಿ ಸೇರಿಸಿ, ಒಂದೊಂದಕ್ಕೂ ಹೊಸ ವಿಳಾಸ ಕೊಡಬೇಕು. ಬೇಗ ಬೇಗ ಎಂದು ಮ್ಯಾನೇಜರ್ ಬೆನ್ನು ಹತ್ತಿದ್ದರಿಂದ ತಂತಿ ಎಲ್ಲವನ್ನೂ ಒಟ್ಟಿಗೇ ಚುಚ್ಚಿಬಿಟ್ಟ. ತಂಗಿ ಉರಿ ಇಳಿಸಲು ಹೋದಳು. ದೊಡ್ಡಪ್ಪನ ಬೆಲ್ಟು ನಿಂತಿತು.

"ದೊಡ್ಡಪ್ಪ, ನನ್ನ ಮೌಸಿಂದ ಕೈ ತೆಗೀರಿ!"

"ನನ್ನ ಕೈ ನನ್ನ ತೊಡೆ ಮೇಲಿದೆ ಕಣಮ್ಮ. ನೋಡು ಬೇಕಾದ್ರೆ!"

"ಹಾಗಾದ್ರೆ ಇದನ್ನ ಅಲ್ಲಾಡಿಸ್ತಿರೋದ್ಯಾರು?"

"ದೇವ್ರಿಗೂ ಬಿಸ್ಕತ್ ಬೇಕಾಗಿರ್ಬೇಕು."

ನಿಂತ ಬೆಲ್ಟಿನ ಮೇಲೆ, ಇಳಿಯದ ಉರಿಯ ಕೆಳಗೆ ಬಿಸ್ಕತ್ತುಗಳೆಲ್ಲ ಇದ್ದಿಲಾದವು. ತಂತಿ ತಲೆ ತಗ್ಗಿಸಿ ಎಲ್ಲ ಬಿಚ್ಚಿದ, ಮತ್ತೆ ಒಂದೊಂದಾಗಿ ಸೇರಿಸಿದ. ಈ ಸಲ ಸರಿಹೋಯಿತು. ಆ ಖುಷಿಯಲ್ಲಿ ಒಂದು ಮಾತು ಅವನ ಬಾಯಿಂದ ಜಾರಿತು.

"ಇನ್ಮೇಲೆ ಚಿಂತೆ ಇಲ್ಲ ಸಾರ್. ನೆಟ್‌ವರ್ಕ್ ಎಲ್ಲಿವರೆಗೆ ಹೋಗುತ್ತೋ ಅಲ್ಲಿವರೆಗೂ ಮನುಷ್ಯನ್ನ ಎಲ್ಲಿ ಬೇಕಾದ್ರೂ ಕೂರಿಸ್ಬಹುದು."

ಮ್ಯಾನೇಜರ್ ಅವನನ್ನೇ ದಿಟ್ಟಿಸಿ ನೋಡಿದ. "ಎಲ್ಲಿ ಬೇಕಾದ್ರೂನಾ?"

"ಎಲ್ಲಿ ಬೇಕಾದ್ರೂ ಸಾರ್."

ಅಲ್ಲಿಂದ ಮನುಷ್ಯರ ಪ್ರಯಾಣ ಶುರುವಾಯಿತು. ಒಲೆಯ ಪಕ್ಕದ ಕೋಣೆ ಸಕ್ಕರೆ ಮೂಟೆಗೆ ಬೇಕಾಯಿತು. ಆಪರೇಟರುಗಳು ಮೆಟ್ಟಿಲ ಕೆಳಗೆ ಹೋದರು. ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ಟು ಇಡಬೇಕಾಯಿತು. ಆಪರೇಟರುಗಳು ಸೈಕಲ್ ನಿಲ್ಲಿಸುವ ತಗಡಿನ ಚಪ್ಪರಕ್ಕೆ ಹೋದರು. ಸೈಕಲ್ಲುಗಳು ಬಿಸಿಲಿಗೆ ಬಂದವು. ಪ್ರತಿ ಸಲವೂ ತಂತಿ ಬಂದು ಕೇಬಲ್ ಎಳೆದ, ಡಬ್ಬಿ ಹೊತ್ತ, ಜೋಡಿ ನೋಡಿದ. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಒಂದು ಚಿತ್ರವೂ ನಡುಗಲಿಲ್ಲ.

"ನಿನ್ನ ಕೈಗುಣ ಚೆನ್ನಾಗಿದೆ ಕಣೋ," ಎಂದರು ದೊಡ್ಡಪ್ಪ. "ಹೀಗೇ ಹೋದ್ರೆ ನಾನು ನಮ್ಮನೆ ಬಚ್ಚಲಲ್ಲಿ ಕೂತು ಬಿಸ್ಕತ್ ಸುಡ್ತೀನಿ."

ಕೊನೆಗೆ ಆಪರೇಟರುಗಳು ಕಾಂಪೌಂಡಿನ ಆಚೆಗೆ ಹೋದರು. ತಂತಿ ಗೋಡೆಗೆ ತೂತು ಕೊರೆದು ಕೇಬಲ್ ತೂರಿಸಿದ. ಆಚೆ ಬದಿ ಚರಂಡಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಶೀಟು ಕಟ್ಟಿ ಮೇಜು ಹಾಕಿದರು. ಬಿಸಿಲಿಗೆ ಪರದೆ ಕಾಣದು ಎಂದು ದೊಡ್ಡಪ್ಪ ಮಾನಿಟರಿಗೆ ತಮ್ಮ ಕೊಡೆ ಹಿಡಿಸಿ, ತಲೆಗೆ ಟವೆಲ್ ಸುತ್ತಿಕೊಂಡರು. ದಾರಿಹೋಕರು ನಿಂತು ನೋಡಿದರು. ಒಬ್ಬ ಮುದುಕ ಲಾಟರಿ ಟಿಕೆಟ್ ಕೇಳಿದ.

ಒಲೆಗೆ ಒಂದು ಚಾಳಿಯಿತ್ತು. ಆಗಾಗ ಪರದೆಯ ಮೇಲೆ ಕೆಂಪು ಚೌಕ ಮೂಡಿ 'ಇದ್ದೀರಾ?' ಎಂದು ಕೇಳುತ್ತಿತ್ತು. ಆಪರೇಟರು ಗುಂಡಿ ಒತ್ತಬೇಕು. ಒತ್ತದಿದ್ದರೆ, ಮನುಷ್ಯರಿಲ್ಲದ ಜಾಗದಲ್ಲಿ ಬೆಂಕಿ ಇರಬಾರದೆಂದು ಒಲೆ ತಾನಾಗಿ ಆರುತ್ತಿತ್ತು. ಅದಕ್ಕೇ ತಂಗಿಗೆ ಏಳಲಾಗುತ್ತಿರಲಿಲ್ಲ. ಕಕ್ಕಸು ಗೋಡೆಯ ಒಳಗೆ. ಗೇಟಿನವನು ಪಾಸ್ ಕೇಳುತ್ತಿದ್ದ. ಅವಳು ನೀರು ಕುಡಿಯುವುದನ್ನೇ ಬಿಟ್ಟಳು.

"ನಿನ್ನೆವರೆಗೂ ಒಳಗಿದ್ದೆನಲ್ಲೋ!"

"ನಿನ್ನೆ ಒಳಗಿದ್ರಿ ಅಕ್ಕಾ. ಇವತ್ತು ನೀವು ವಿಸಿಟರ್ರು. ಯಾರನ್ನ ನೋಡೋಕೆ ಬಂದ್ರಿ ಅಂತ ಹೇಳ್ಬೇಕು."

"ಕಕ್ಕಸನ್ನ."

ಒಂದು ಬೆಳಗ್ಗೆ ಮ್ಯಾನೇಜರ್ ಗೇಟಿನ ಹತ್ತಿರ ಸಿಕ್ಕಿದ. ಅವಳು ಹೆರಿಗೆ ರಜೆಯ ಮಾತೆತ್ತಿದಳು. ಕೇಬಲ್ ನೋಡಲು ಬಂದಿದ್ದ ತಂತಿಯೂ ಅಲ್ಲಿದ್ದ.

"ರಜೆ? ಯಾವ ಕಾರ್ಖಾನೆಯಿಂದಮ್ಮ?" ಮ್ಯಾನೇಜರ್ ನಿಜಕ್ಕೂ ಆಶ್ಚರ್ಯಪಟ್ಟ.

"ಇದೇ ಕಾರ್ಖಾನೆಯಿಂದ ಸಾರ್."

"ಕಾಂಪೌಂಡ್ ಒಳಗೆ ಕೆಲಸ ಮಾಡೋರು ಕಾರ್ಮಿಕರು. ನೀವು ಹೊರಗಿದೀರ. ನೀವು ನಮಗೆ ದೂರದಿಂದ ಸಹಾಯ ಮಾಡ್ತಿರೋ ಹಿತೈಷಿಗಳು. ಹಿತೈಷಿಗಳಿಗೆ ಹೆರಿಗೆ ರಜೆ ಎಲ್ಲಾದ್ರೂ ಉಂಟಾ?"

"ನಮ್ಮನ್ನ ಹೊರಗೆ ಕೂರಿಸಿದ್ದು ನೀವೇ ಅಲ್ವಾ ಸಾರ್?"

"ನಾನೆಲ್ಲಿ ಕೂರಿಸ್ದೆ? ವೈರ್ ಎಳೆದಿದ್ದು ನಿಮ್ಮಣ್ಣ."

ಅಷ್ಟು ಹೇಳಿ ಒಳಗೆ ಹೋದ. ತಂತಿ ಹೆಗಲ ಮೇಲಿನ ಸುರುಳಿಯನ್ನು ಕೆಳಗಿಟ್ಟ. ತಂಗಿ ಅವನತ್ತ ನೋಡಲಿಲ್ಲ. "ಕೆಂಪು ಚೌಕ ಬಂದಿರುತ್ತೆ," ಎಂದು ಹೊರಟಳು.

ಮರುದಿನ ಕಾರ್ಮಿಕ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವುದಿತ್ತು. ತಂಪು ಕೋಣೆಯಲ್ಲಿ ಅವರಿಗೆ ತೋರಿಸಲು ಒಂದು ದೊಡ್ಡ ಪರದೆ ಹಾಕಿಸಿದ್ದರು. ಅದಕ್ಕೆ ಕೀಬೋರ್ಡು, ಮೌಸು ಏನೂ ಇರಲಿಲ್ಲ, ನೋಡುವುದಕ್ಕೆ ಮಾತ್ರ. ಚಿತ್ರ ನಿಂತುಹೋದರೆ ಎಂಬ ಭಯಕ್ಕೆ ತಂತಿಯನ್ನು ಮೂಲೆಯಲ್ಲಿ ನಿಲ್ಲಿಸಿಕೊಂಡಿದ್ದರು.

ಅಧಿಕಾರಿ ಬಂದವರೇ ಕೈಕೈ ಉಜ್ಜಿಕೊಂಡರು. "ಏನ್ರೀ ಇಷ್ಟು ಚಳಿ! ಯಾರಿಗೋಸ್ಕರ ಇದು?"

"ಯಂತ್ರಗಳಿಗೆ ಸಾರ್. ಇಲ್ಲಿ ಮನುಷ್ಯರಿಲ್ಲ."

ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡುತ್ತಿತ್ತು. ಉರಿ ಒಂಚೂರು ಏರಿತು. ಬೆಲ್ಟು ಒಂಚೂರು ನಿಧಾನವಾಯಿತು. ಬಿಸ್ಕತ್ತಿಗೆ ಹೊಂಬಣ್ಣ ಬಂತು. ಅಧಿಕಾರಿ ಬಾಯಿ ಕಳೆದು ನೋಡಿದರು.

"ಇದನ್ನ ಯಾರು ನಡೆಸ್ತಿದಾರೆ?"

"ಯಾರೂ ಇಲ್ಲ ಸಾರ್. ತಾನಾಗೇ ನಡೆಯುತ್ತೆ."

"ಆಪರೇಟರ್‌ಗಳು?"

"ಇಲ್ಲ ಸಾರ್."

"ಈ ಮೂಲೇಲಿ ನಿಂತಿರೋನು?"

"ಅವನೂ ಇಲ್ಲ ಸಾರ್. ಅಂದ್ರೆ ಇದಾನೆ, ಆದರೆ ಕಂಟ್ರಾಕ್ಟರ್ ಕಡೆಯವನು. ನಮ್ಮ ಲೆಕ್ಕದಲ್ಲಿಲ್ಲ."

ಅಧಿಕಾರಿ ತಂತಿಯ ಕಡೆ ಒಮ್ಮೆ ನೋಡಿ, ಗೋಡೆಗೆ ಒರಗಿಸಿದ ಏಣಿಯನ್ನು ನೋಡಿದಂತೆ ನೋಡಿ, ಮುಖ ತಿರುಗಿಸಿದರು. "ಹಾಗಾದ್ರೆ ಒಲೆ ವಿಭಾಗದಲ್ಲಿ ಕಾರ್ಮಿಕರು ಯಾರೂ ಇಲ್ಲ ಅಂತ ಬರ್ಕೊಳ್ಲಾ?"

"ಬರ್ಕೊಳ್ಳಿ ಸಾರ್. ಟೀ ತರ್ಸ್ತೀನಿ."

ತಂತಿ ಫೋನ್ ತೆಗೆದು ತಂಗಿಗೆ ಹಚ್ಚಿದ. ಇಲ್ಲದವನು ಫೋನ್ ಮಾಡಿದರೆ ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ.

"ಏನಣ್ಣ? ಚಿತ್ರ ಸರಿಯಾಗಿ ಬರ್ತಿಲ್ವಾ?"

"ಚಿತ್ರ ಚೆನ್ನಾಗಿದೆ. ನೀವ್ಯಾರೂ ಇಲ್ವಂತೆ."

"ಯಾರಂದ್ರು?"

"ಮ್ಯಾನೇಜರ್ ಅಂದ. ಆಫೀಸರ್ ಬರ್ಕೊಳ್ತಿದಾರೆ."

ಅತ್ತಕಡೆ ರಸ್ತೆಯಲ್ಲಿ ಲಾರಿಯೊಂದು ಹೋದ ಸದ್ದು ಕೇಳಿಸಿತು. ಆಮೇಲೆ ಅವಳು ಪಕ್ಕಕ್ಕೆ ತಿರುಗಿ ಹೇಳಿದ್ದು ಕೇಳಿಸಿತು. "ದೊಡ್ಡಪ್ಪ, ನಾವು ಇಲ್ವಂತೆ."

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ?" ಎಂದಿತು ದೊಡ್ಡಪ್ಪನ ದನಿ. "ಬೆಳಗ್ಗಿಂದ ಸುಮ್ನೆ ಕೈ ನೋಯಿಸ್ಕೊಂಡೆ."

ದೊಡ್ಡ ಪರದೆಯ ಮೇಲೆ ಬಾಣ ನಿಂತಿತು.

ಕೆಂಪು ಚೌಕ ಮೂಡಿತು. ಇದ್ದೀರಾ?

ಮ್ಯಾನೇಜರ್ ನಗುತ್ತಲೇ ಟೀ ಲೋಟ ಕೆಳಗಿಟ್ಟ. "ಈಗ ಹೋಗುತ್ತೆ ಸಾರ್."

ಹೋಗಲಿಲ್ಲ. ಎಲ್ಲೋ ಗಂಟೆ ಬಡಿದುಕೊಳ್ಳತೊಡಗಿತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಓದಿದರು. "ಇದು ಯಾರನ್ನ ಕೇಳ್ತಿದೆ?"

"ಸುಮ್ನೆ ಕೇಳುತ್ತೆ ಸಾರ್. ಅದರ ಅಭ್ಯಾಸ." ಮ್ಯಾನೇಜರ್ ತಂತಿಯ ಹತ್ತಿರ ಧಾವಿಸಿ ಹಲ್ಲು ಕಚ್ಚಿ ಪಿಸುಗುಟ್ಟಿದ. "ನಿನ್ನ ಚೀಲದಲ್ಲಿ ಕೀಬೋರ್ಡ್ ಇದೆಯಲ್ಲ, ತೆಗಿಯೋ! ಚುಚ್ಚು, ಒತ್ತು!"

ಕೀಬೋರ್ಡ್ ಇತ್ತು. ತಂತಿ ಅದನ್ನು ಹೊರಗೆ ತೆಗೆದ. ಚುಚ್ಚುವುದಕ್ಕೆ ಜಾಗವೂ ಕಣ್ಣೆದುರೇ ಇತ್ತು. ಒಂದು ಗುಂಡಿಯ ಕೆಲಸ. ಒತ್ತಿದರೆ ನಾಳೆಯೂ ಕರೆಯುತ್ತಾರೆ. ಒತ್ತದಿದ್ದರೆ ಕಂಟ್ರಾಕ್ಟರ್ ಇವತ್ತೇ ಬೇರೆಯವನನ್ನು ಹುಡುಕುತ್ತಾನೆ. ಅವನ ಮನೆಯಲ್ಲಿ ಈಗ ಇಬ್ಬರಿದ್ದರು, ಇನ್ನು ಕೆಲವೇ ದಿನಕ್ಕೆ ಮೂವರಾಗುತ್ತಿದ್ದರು. ಅವನು ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡ.

"ಒತ್ತಿದ್ರೆ ನಾನಿದೀನಿ ಅಂತಾಗುತ್ತೆ ಸಾರ್. ಈಗಷ್ಟೇ ಇಲ್ಲ ಅಂದ್ರಲ್ಲ. ಆಫೀಸರ್ ಮುಂದೆ ನಿಮ್ಮ ಮಾತು ಸುಳ್ಳು ಮಾಡ್ಲಾ?"

ಗಂಟೆ ನಿಂತಿತು. ಪರದೆಯಲ್ಲಿ ಉರಿಯ ಗೆರೆ ಜರ್ರನೆ ಇಳಿದು ನೆಲ ಹಿಡಿಯಿತು. ಒಲೆಯ ಗುಡುಗು ಸಣ್ಣಗಾಗಿ, ಆಮೇಲೆ ಇಲ್ಲವಾಯಿತು. ಆ ಕಾರ್ಖಾನೆಯಲ್ಲಿ ಮೊದಲ ಸಲ ಕಾಗೆ ಕೂಗಿದ್ದು ಕೇಳಿಸಿತು.

ಮ್ಯಾನೇಜರ್ ಓಡಿದ. ಗೇಟು ಸುತ್ತಿ ಹೋಗುವಷ್ಟು ತಾಳ್ಮೆ ಅವನಿಗಿರಲಿಲ್ಲ. ಕಾಂಪೌಂಡಿನ ಬಳಿಯಿದ್ದ ಕೈಗಾಡಿಯ ಮೇಲೆ ಹತ್ತಿ, ಗೋಡೆಯ ಆಚೆಗೆ ತಲೆ ತೂರಿಸಿದ. ಕೆಳಗೆ ತಂಗಿ ಕಾಲು ಚಾಚಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಿದ್ದಳು. ದೊಡ್ಡಪ್ಪ ಕೊಡೆಯನ್ನು ಮಾನಿಟರಿನಿಂದ ಬಿಚ್ಚಿ ತಮಗೆ ಹಿಡಿದುಕೊಂಡಿದ್ದರು.

"ಏಯ್, ಏನ್ ಮಾಡ್ತಿದೀರ? ಒತ್ರೀ!"

ದೊಡ್ಡಪ್ಪ ಹಿಂದೆ ತಿರುಗಿ ನೋಡಿದರು. ಮತ್ತೆ ಮುಂದೆ ನೋಡಿದರು. "ಯಾರಿಗೋ ಹೇಳ್ತಿದಾರೆ ಕಣಮ್ಮ. ನೋಡು, ಯಾರಾದ್ರೂ ಇದಾರಾ?"

"ಯಾರೂ ಕಾಣ್ತಿಲ್ಲ ದೊಡ್ಡಪ್ಪ."

ಅಷ್ಟರಲ್ಲಿ ಅಧಿಕಾರಿಯೂ ಏದುಸಿರು ಬಿಡುತ್ತಾ ಬಂದರು. ಹಿಂದೆ ತಂತಿ. ಅಧಿಕಾರಿ ಕೆಳಗಿನಿಂದ ಮ್ಯಾನೇಜರನ ಪ್ಯಾಂಟು ಜಗ್ಗಿದರು. "ಯಾರ ಹತ್ರ ರೀ ಮಾತಾಡ್ತಿದೀರಿ?"

"ಕೆಲಸದವರ ಹತ್ರ ಸಾರ್."

"ಯಾರ ಕೆಲಸದವರು?"

ಮ್ಯಾನೇಜರ್ ಒಳಗೆ ನೋಡಿದ. ಒಲೆಯೊಳಗೆ ಅರೆಬೆಂದ ಹಿಟ್ಟು ಬೆಲ್ಟಿಗೆ ಅಂಟಿ ಗಟ್ಟಿಯಾಗುತ್ತಿತ್ತು. ಆಚೆ ನೋಡಿದ. ತಂಗಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.

"ನಮ್ಮವರು," ಎಂದ ಗಂಟಲಲ್ಲೇ.

"ಕೇಳಿಸ್ಲಿಲ್ಲ ಸಾರ್," ಎಂದಳು ತಂಗಿ. "ಒಲೆ ಸದ್ದು ನೋಡಿ."

ಒಲೆ ಆಗಲೇ ಆರಿಹೋಗಿತ್ತು.

"ನಮ್ಮವರು! ನಮ್ಮ ಕಾರ್ಖಾನೆ ಆಪರೇಟರ್‌ಗಳು! ಸಾಕಾ?"

ಬಿಸ್ಕತ್ತು ಬರುವುದು ನಿಂತದ್ದು ನೋಡಿ ಪ್ಯಾಕಿಂಗಿನ ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದಿದ್ದರು. ಅವರ ಸಂಬಳವನ್ನು ಯಾವುದೋ ಏಜೆನ್ಸಿಯ ಹೆಸರಿನಲ್ಲಿ ಕೊಡುತ್ತಿದ್ದರು; ಆ ಏಜೆನ್ಸಿಯ ಬಾಗಿಲು ಅವರಾರೂ ಕಂಡವರಲ್ಲ. ಮುಂದೆ ನಿಂತಿದ್ದ ದಪ್ಪನೆಯ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡಳು.

"ಗೋಡೆ ಆಚೆಯವರೇ ನಿಮ್ಮವರಾದ್ರೆ, ಒಳಗಿರೋ ನಾವು ಯಾರವರು ಸಾರ್?"

ಮ್ಯಾನೇಜರ್ ಕೆಳಗಿಳಿಯಲು ಕಾಲು ಚಾಚಿದ. ಕೈಗಾಡಿಯ ಸುತ್ತ ಹೆಂಗಸರೇ ತುಂಬಿದ್ದರು. ಮೂಟೆ ಹೊರುವವರೂ ಬಂದರು, ಕಸ ಗುಡಿಸುವವಳೂ ಬಂದಳು. ಗೇಟಿನವನು ಗೇಟು ಬಿಟ್ಟು ಬಂದು ಹಿಂದೆ ನಿಂತು ಇಣುಕಿದ.

"ನಾವು ಸಾರ್?"

"ಹೇಳಿ, ನಾವ್ಯಾರವರು?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದರು. ಬರೆಯುವುದೋ ಬಿಡುವುದೋ ತಿಳಿಯದೆ ಗಾಡಿಯ ಮೇಲಿದ್ದವನ ಬಾಯಿಯನ್ನೇ ನೋಡುತ್ತಿದ್ದರು. ಗುಂಪಿನ ಹಿಂದಿನಿಂದ ಇನ್ನೊಂದು ದನಿ ಎದ್ದಿತು. ಅದು ತನ್ನದೇ ಎಂದು ತಂತಿಗೆ ಗೊತ್ತಾಗಲು ಒಂದು ಕ್ಷಣ ಹಿಡಿಯಿತು.

"ನಾನು ಸಾರ್?"