ಎರಡು ಸಲ ಹಿಡಿದ ಕಾಡಿಗೆ

ನಾನು ಒಂದು ಮಗುಚುವ ಕೈ. ಕಾವಲಿಯ ಮೇಲೆ ಬೆಂದ ದೋಸೆಯನ್ನು ಎಬ್ಬಿಸಿ ತಿರುಗಿಸಿ ಹಾಕುವುದು ನನ್ನ ಕೆಲಸ. ಶ್ರಾವಣ ಮಾಸದ ಮಂಗಳವಾರಗಳಲ್ಲಿ ಮಾತ್ರ ನನಗೆ ಇನ್ನೊಂದು ಕೆಲಸವಿತ್ತು. ನನ್ನ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಏನಾದರೂ ಇದ್ದರೆ ಅದೇ.

ನಾನು ಹುಟ್ಟಿದ್ದು ಹೊಳೆನರಸೀಪುರದಲ್ಲಿ, ಕೆಂಪಾಚಾರಿಯ ಕುಲುಮೆಯಲ್ಲಿ. ಅದಕ್ಕೂ ಮುಂಚೆ ನಾನು ಯಾವುದೋ ಲಾರಿಯ ಅಡಿಯಲ್ಲಿದ್ದ ಪಟ್ಟಿಯಂತೆ. ಅದರ ನೆನಪು ನನಗಿಲ್ಲ. ನೆನಪಿರುವುದು ಬೆಂಕಿ, ತಿದಿ ಒತ್ತುತ್ತಿದ್ದ ಆಚಾರಿಯ ಹೆಂಡತಿಯ ಬಳೆಯ ಸದ್ದು, ಆಮೇಲೆ ಸುತ್ತಿಗೆಯ ಪೆಟ್ಟು. ಇನ್ನೇನು ನೀರಿಗೆ ಅದ್ದಬೇಕು, ಆಗ ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬರು ಹೇಳಿದರು:

"ಅಗಲ ಸಾಲದು ಆಚಾರ್ರೆ."

"ದೋಸೆ ಮಗುಚೋಕೆ ಇಷ್ಟು ಸಾಕಲ್ವಾ ತಾಯಿ?"

"ಬರೀ ದೋಸೆಗಾದ್ರೆ ಸಾಕಿತ್ತು. ಮಗಳಿಗೆ ಮದುವೆಯಾಗಿದೆ. ಮಂಗಳಗೌರಿಗೆ ಕಾಡಿಗೆ ಹಿಡೀಬೇಕು."

ಆಚಾರಿ ನನ್ನನ್ನು ಮತ್ತೆ ಕೆಂಡಕ್ಕೆ ತಳ್ಳಿದ. ಹಾಗೆ ನನ್ನ ಮುಖ ಎರಡು ಬೆರಳು ಅಗಲವಾಯಿತು. ಆ ಮಗಳ ಹೆಸರು ಶೇಷಮ್ಮ. ಹೊಸ ಸೀರೆಗಳ ನಡುವೆ ನನ್ನನ್ನೂ ಇಟ್ಟು ಅವಳನ್ನು ಗಂಡನ ಮನೆಗೆ ಕಳಿಸಿದರು. ಸೀರೆಗಳಿಗೆ ನನ್ನ ಸಹವಾಸ ಹಿಡಿಸಲಿಲ್ಲ. ಎಣ್ಣೆ ಕಲೆಯಾಗುತ್ತದೆಂದು ನನ್ನನ್ನು ಹಳೇ ಪಂಚೆಯಲ್ಲಿ ಸುತ್ತಿದ್ದರು.

ಗೊತ್ತಿಲ್ಲದವರಿಗೆ ಆ ವ್ರತದ ವಿಚಾರ ಹೇಳಬೇಕು. ಮದುವೆಯಾದ ಹುಡುಗಿ ಐದು ವರ್ಷ, ಶ್ರಾವಣದ ಪ್ರತಿ ಮಂಗಳವಾರ ಗೌರಿಯನ್ನು ಪೂಜಿಸುತ್ತಾಳೆ. ಅಕ್ಕಿಹಿಟ್ಟು, ಬೆಲ್ಲ ಕಲಸಿ ತಂಬಿಟ್ಟಿನ ಹದಿನಾರು ದೀಪ ಮಾಡಿ, ತುಪ್ಪದ ಬತ್ತಿ ಹಚ್ಚುತ್ತಾಳೆ. ನನ್ನ ಬೆನ್ನಿಗೆ ತುಪ್ಪ ಸವರಿ ಆ ದೀಪಗಳ ಮೇಲೆ ಹಿಡಿಯುತ್ತಾಳೆ. ಹಿರಿಯಳೊಬ್ಬಳು ಪಕ್ಕದಲ್ಲಿ ಕೂತು ಗೌರಿಯ ಕಥೆ ಹೇಳುತ್ತಾಳೆ. ಕಥೆ ಮುಗಿಯುವವರೆಗೆ ಹಿಡಿದವಳು ಮಾತಾಡಬಾರದು. ಅಷ್ಟರಲ್ಲಿ ನನ್ನ ಬೆನ್ನ ಮೇಲೆ ಕಪ್ಪು ಕೂತಿರುತ್ತದೆ. ಅದೇ ಕಾಡಿಗೆ. ಅದನ್ನು ಮೊದಲು ಗೌರಿಗೆ, ಆಮೇಲೆ ತನಗೆ, ಆಮೇಲೆ ಬಂದ ಮುತ್ತೈದೆಯರಿಗೆಲ್ಲ ಹಚ್ಚಬೇಕು. ಗಂಡನ ಆಯುಸ್ಸು ಗಟ್ಟಿಯಾಗಲಿ ಅಂತ.

ಶೇಷಮ್ಮ ಐದು ವರ್ಷವೂ ನನ್ನನ್ನು ಹಿಡಿದಳು. ಮೊದಲ ವರ್ಷ ಬಿಸಿ ತಡೆಯಲಾರದೆ ಸೆರಗಿನಲ್ಲಿ ಹಿಡಿಯುತ್ತಿದ್ದಳು. ಐದನೆಯ ವರ್ಷಕ್ಕೆ ಬರಿಗೈಯೇ ಸಾಕಾಯಿತು. ಕೆಳಗಿನಿಂದ ನೋಡುವ ನನಗೆ ದೀಪದ ಬೆಳಕಿನಲ್ಲಿ ಅವಳ ಗಲ್ಲ, ಮೂಗುತಿ ಕಾಣುತ್ತಿದ್ದವು. ವ್ರತ ಮುಗಿದ ಮೇಲೆ ಅವಳೇ ಬೀದಿಗೆಲ್ಲ ಕಥೆ ಹೇಳುವವಳಾದಳು. ಬೀದಿಯಲ್ಲಿ ಯಾರ ಮನೆಗೆ ಹೊಸ ಸೊಸೆ ಬರಲಿ, ಮಂಗಳವಾರ ಬೆಳಿಗ್ಗೆ ನಾನೂ ಶೇಷಮ್ಮನೂ ಹೋಗಲೇಬೇಕು. ಎದುರುಮನೆಯ ಸರಸಮ್ಮ ಸೊಸೆಯಾಗಿ ಬಂದಾಗಲೂ ಐದು ವರ್ಷ ನನ್ನನ್ನೇ ಹಿಡಿದದ್ದು. ಆಗ ಅವಳು ಬಾಯಿ ಬಿಡದ ಹುಡುಗಿ. ಆಮೇಲಾಮೇಲೆ ಆ ಬಾಯಿಗೆ ಬೀದಿಯೇ ಹೆದರಿತು.

ಶೇಷಮ್ಮನಿಗೆ ಒಂದು ಹಟವಿತ್ತು. ಕಪ್ಪಾದ ಪಾತ್ರೆ ಕಂಡರೆ ಕೂರಲಾರಳು. ದೋಸೆ ಮುಗಿದ ಕೂಡಲೇ ನನ್ನನ್ನು ಬಚ್ಚಲಿಗೆ ಒಯ್ದು ಬೂದಿ, ಹುಣಿಸೆಹಣ್ಣು ಹಾಕಿ ತೆಂಗಿನ ನಾರಿನಲ್ಲಿ ಉಜ್ಜುವಳು. ಕಬ್ಬಿಣ ಬೆಳ್ಳಿಯಾಗುವುದಿಲ್ಲವೆಂದು ಯಜಮಾನರು ಎಷ್ಟು ನಕ್ಕರೂ ಬಿಡಲಿಲ್ಲ.

ಹೀಗೆ ವರ್ಷಗಳು ಹೋದವು. ಮಗ ನಾಗಭೂಷಣನಿಗೆ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಕೆಲಸವಾಯಿತು. ಸೊಸೆ ಬಂದಳು. ಅವಳ ಹೆಸರು ವಾರಿಜಾ.

ವಾರಿಜಾ ನನ್ನನ್ನು ಹಿಡಿಯುವ ರೀತಿಯೇ ಬೇರೆ. ಹೆದರಿ ಹಿಡಿಯುತ್ತಿದ್ದಳು. ಅವಳ ಹೆದರಿಕೆ ನನ್ನ ಬಿಸಿಯದಲ್ಲ. ಮಳೆಗಾಲ ಬಂತೆಂದರೆ ಕಂಬ ಬೀಳುತ್ತದೆ, ತಂತಿ ಹರಿಯುತ್ತದೆ; ಆಗಲೇ ನಾಗಭೂಷಣ ಕಂಬ ಹತ್ತಬೇಕು. ಶ್ರಾವಣದ ಜಡಿಮಳೆಯಲ್ಲಿ ಅವನು ಸೈಕಲ್ ಹತ್ತಿದ ಮೇಲೆ ಅವಳು ಅಡುಗೆಮನೆಯ ಬಲ್ಬನ್ನು ನೋಡುತ್ತ ನಿಲ್ಲುವಳು. ಅದು ಹತ್ತಿದರೆ ಅವನು ಇಳಿದ ಅಂತ ಲೆಕ್ಕ. ಮೊದಲ ವರ್ಷದ ವ್ರತ ತವರಿನಲ್ಲಿ ಮಾಡಿ, ಉಳಿದದ್ದನ್ನು ಇಲ್ಲಿ ಮಾಡಿದಳು. ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಒಂದು ಬತ್ತಿಯೂ ಕಡಿಮೆಯಾಗಬಾರದು, ಕಾಡಿಗೆ ತೆಳುವಾಗಬಾರದು. ಅವಳಿಗೆ ಅದು ಹಬ್ಬವಾಗಿರಲಿಲ್ಲ, ಅವನ ಸೊಂಟಕ್ಕೆ ಕಟ್ಟುವ ಹಗ್ಗವಾಗಿತ್ತು.

ನಾಲ್ಕನೆಯ ವರ್ಷದ ಹೊತ್ತಿಗೆ ಶೇಷಮ್ಮನಲ್ಲಿ ಏನೋ ಬದಲಾಯಿತು. ಮೊದಲು ಗೊತ್ತಾದದ್ದು ನನಗೆ. ಒಂದು ಬೆಳಿಗ್ಗೆ ಕಾವಲಿಯ ಮೇಲೆ ದೋಸೆ ಸೀಯುತ್ತಿದ್ದರೂ ಅವಳು ನನ್ನನ್ನು ಕೈಯಲ್ಲಿ ಹಿಡಿದು, ಇದು ಏತಕ್ಕೆ ಎನ್ನುವಂತೆ ನೋಡುತ್ತ ನಿಂತಿದ್ದಳು. ವಾರಿಜಾ ಮೆಲ್ಲಗೆ ನನ್ನನ್ನು ತೆಗೆದುಕೊಂಡು ದೋಸೆ ಮಗುಚಿದಳು. ಆಮೇಲೆ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಒಂದು ದಿನ ಕಾಫಿಗೂ ಬಿತ್ತು. ಕುಡಿದದ್ದು ಸರಸಮ್ಮ!

"ಏನ್ರೀ ಶೇಷಮ್ಮನೋರೆ, ಸಮುದ್ರದ ನೀರಲ್ಲಿ ಕಾಫಿ ಮಾಡಿದೀರಾ?" ಎಂದು ಅವಳು ಜಗುಲಿಯಿಂದಲೇ ಕೂಗಿದಳು.

ಎಲ್ಲರೂ ನಕ್ಕರು. ಶೇಷಮ್ಮನೂ ನಕ್ಕಳು. ಒಳಗೆ ಬಂದು ನೆಲದ ಮೇಲೆ ಕೂತು, "ವಾರಿಜಾ, ಯಾರಿಗೂ ಗೊತ್ತಾಗೋದು ಬೇಡ ಕಣೇ," ಎಂದಳು. "ಇಡೀ ಬೀದಿಗೆ ಕಥೆ ಹೇಳಿದೋಳು ನಾನು. ಅರಳುಮರಳು ಅಂದ್ಕೋತಾರೆ."

"ಇಲ್ಲ ಅತ್ತೆ. ಯಾರಿಗೂ ಗೊತ್ತಾಗಲ್ಲ," ಎಂದಳು ವಾರಿಜಾ.

ಐದನೆಯ ವರ್ಷದ ಕೊನೆಯ ಮಂಗಳವಾರ ಬಂತು. ವ್ರತ ಅವತ್ತಿಗೆ ಪೂರ್ತಿ. ಹಿಂದಿನ ದಿನದಿಂದ ಮಳೆ ಹಿಡಿದಿತ್ತು, ಮನೆಯಲ್ಲಿ ಕರೆಂಟ್ ಇರಲಿಲ್ಲ. ವಾರಿಜಾ ಬೆಳಿಗ್ಗೆಯೇ ಪೂಜೆ ಮುಗಿಸಿ, ಹದಿನಾರು ದೀಪದ ಮೇಲೆ ನನ್ನನ್ನು ಹಿಡಿದಳು. ಶೇಷಮ್ಮ ಕಥೆಯನ್ನು ಎಲ್ಲೂ ತಡವರಿಸದೆ ಹೇಳಿದಳು. ನನ್ನ ಬೆನ್ನ ಮೇಲೆ ಕಾಡಿಗೆ ದಪ್ಪಗೆ ಕೂತಿತು. ಇಷ್ಟು ಚೆನ್ನಾಗಿ ಹಿಂದೆ ಯಾವತ್ತೂ ಕೂತಿರಲಿಲ್ಲ. ವಾರಿಜಾ ನನ್ನನ್ನು ಮಣೆಯ ಪಕ್ಕದಲ್ಲಿ ಆರಲು ಇಟ್ಟಳು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೂಗಿದರು. ಹೊಳೆಯ ಹತ್ತಿರ ಲೈನ್ ಬಿದ್ದಿದೆ, ನಾಗಭೂಷಣ ಈಗಲೇ ಬರಬೇಕಂತೆ.

"ಒಂದು ನಿಮಿಷ ಇರಿ, ಕಾಡಿಗೆ ಹಚ್ಕೊಂಡು ನಮಸ್ಕಾರ ಮಾಡ್ತೀನಿ," ಎಂದಳು ವಾರಿಜಾ.

"ಬಂದ್ಮೇಲೆ ಮಾಡುವೆಯಂತೆ. ಕಣ್ಣು ಕಪ್ಪು ಮಾಡ್ಕೊಂಡು ಕಾಯ್ತಿರು," ಎಂದು ಅವನು ನಗುತ್ತ ಮಳೆಗಿಳಿದ. ಅವಳು ಕೊಡೆ ಹಿಡಿದು ಬೀದಿಯವರೆಗೆ ಹೋದಳು. ಹಾಗೇ ನಾಲ್ಕು ಮನೆಯ ಮುತ್ತೈದೆಯರನ್ನು ಕರೆಯಲು ಹೊರಟಳು.

ಯಜಮಾನರು ಹೊರಗೆ ಹೋಗಿದ್ದರು. ಮನೆಯಲ್ಲಿ ಶೇಷಮ್ಮ ಒಬ್ಬಳೇ. ಬಾಗಿ ಮಣೆಯ ಸುತ್ತ ಬಿದ್ದ ಹೂವು ಆಯುತ್ತಿದ್ದವಳು ನನ್ನನ್ನು ಕಂಡಳು. ಮುಖ ಗಂಟಿಕ್ಕಿದಳು. "ಇದೇನಿದು, ಇಷ್ಟು ಕಪ್ಪಾಗಿ ಬಿಟ್ಟಿದಾರೆ," ಎಂದುಕೊಂಡು ನನ್ನನ್ನು ಎತ್ತಿ ಬಚ್ಚಲಿಗೆ ನಡೆದಳು.

ನನಗೆ ಬಾಯಿಲ್ಲ. ಇದ್ದಿದ್ದರೆ ಅವತ್ತು ಕಿರುಚುತ್ತಿದ್ದೆ. ಬೂದಿ ಬಿತ್ತು, ನಾರು ಬಿತ್ತು. ಅವಳ ಕೈಗೆ ಎಲ್ಲವೂ ಚೆನ್ನಾಗಿ ನೆನಪಿತ್ತು. ಐದು ವರ್ಷದ ಕೊನೆಯ ಕಾಡಿಗೆ ಕಪ್ಪು ನೀರಾಗಿ ಬಚ್ಚಲ ತೂಬಿನಲ್ಲಿ ಇಳಿದುಹೋಯಿತು.

ಅವಳು ನನ್ನನ್ನು ಸೆರಗಿನಲ್ಲಿ ಒರೆಸುತ್ತ ನಡುಮನೆಗೆ ಬರುವುದಕ್ಕೂ, ವಾರಿಜಾ ಸರಸಮ್ಮನನ್ನೂ ಉಳಿದ ಮೂವರನ್ನೂ ಕರೆದುಕೊಂಡು ಒಳಗೆ ಬರುವುದಕ್ಕೂ ಸರಿಹೋಯಿತು. ವಾರಿಜಾ ನನ್ನನ್ನು ನೋಡಿದಳು. ಬೆಳ್ಳಗೆ ಹೊಳೆಯುತ್ತಿದ್ದೆ. ಅವಳ ಮುಖದ ರಕ್ತ ಇಳಿಯಿತು. ಆ ಮುಖ ನೋಡಿ ಶೇಷಮ್ಮ ತನ್ನ ಕೈಯನ್ನು ನೋಡಿಕೊಂಡಳು, ದೀಪಗಳನ್ನು ನೋಡಿದಳು. ಎಲ್ಲ ಒಟ್ಟಿಗೆ ನೆನಪಾಯಿತು.

ಸರಸಮ್ಮ ಆಗಲೇ ಕೂತು, ಆರಿದ ಒಂದು ತಂಬಿಟ್ಟಿನ ದೀಪ ಮುರಿದು ಬಾಯಿಗೆ ಹಾಕಿಕೊಂಡಿದ್ದಳು. "ಕಾಡಿಗೆ ತಾರೇ ಹುಡುಗಿ. ನಮ್ಮನೇಲಿ ಒಲೆ ಮೇಲೆ ಅನ್ನ ಇದೆ."

"ಕಾಡಿಗೆ..." ಎಂದಳು ವಾರಿಜಾ. "ತಪ್ಪಾಯ್ತು ಅತ್ತೆ. ಅವಸರದಲ್ಲಿ ನಾನೇ ತೊಳೆದುಬಿಟ್ಟೆ. ಒರೆಸೋಕೆ ನಿಮ್ಮ ಕೈಗೆ ಕೊಟ್ಟೆ."

"ತೊಳೆದುಬಿಟ್ಯಾ!" ಸರಸಮ್ಮ ಬಾಯಲ್ಲಿದ್ದುದನ್ನು ನುಂಗಿದಳು. "ಐದನೇ ವರ್ಷದ ಕೊನೇ ಮಂಗಳವಾರ ಕಣೇ! ಈ ಮಳೇಲಿ ನಿನ್ನ ಗಂಡ ಕಂಬದ ಮೇಲಿದಾನೆ. ಕಾಡಿಗೆ ತೊಳೆದ್ಯಂತೆ! ನಿಂಗೆ ಜ್ಞಾನ ಇದೆಯೇನೇ?"

ಆ ಮಾತು ಹೋಗಿ ಎಲ್ಲಿ ನಾಟಿತೆಂದು ನನಗೆ ಗೊತ್ತು. ಆದರೂ ವಾರಿಜಾ ತಲೆ ತಗ್ಗಿಸಿ ನಿಂತಳು. ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ತಿರುಗಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

"ಮತ್ತೆ ಹಿಡೀತೀನಿ," ಎಂದಳು.

"ದೀಪ ಎಲ್ಲಿದೆ? ಹದಿನಾರಾಗಬೇಕು. ಒಂದನ್ನ ನಾನಾಗಲೇ ತಿಂದೆನಲ್ಲೇ!" ಸರಸಮ್ಮ ಹಣೆ ಬಡಿದುಕೊಂಡಳು. ಮಿಕ್ಕವರಿಗೆ ನಗು ತಡೆಯಲಾಗಲಿಲ್ಲ. "ನಗಬೇಡ್ರೇ. ಹಿಟ್ಟು ತನ್ನಿ, ಬೆಲ್ಲ ತನ್ನಿ. ನಾನೇ ಮಾಡ್ತೀನಿ."

ತಿಂದ ಕೈಯಲ್ಲಿ ಮುಟ್ಟಬಾರದೆಂದು ಅವಳನ್ನು ಕೈ ತೊಳೆಯಲು ಕಳಿಸಿದರು. ಹೊಸ ದೀಪ ಉಳಿದವಕ್ಕಿಂತ ದಪ್ಪಗೆ, ಸ್ವಲ್ಪ ಸೊಟ್ಟಗೆ ಬಂತು. ಹದಿನಾರಕ್ಕೂ ಬತ್ತಿ, ತುಪ್ಪ ಹಾಕಿ ಹಚ್ಚಿದರು. ವಾರಿಜಾ ನನ್ನ ಬೆನ್ನಿಗೆ ತುಪ್ಪ ಸವರಿ ಹಿಡಿದಳು. ಎಲ್ಲರೂ ಶೇಷಮ್ಮನನ್ನು ನೋಡಿದರು.

ಶೇಷಮ್ಮ ಶುರುಮಾಡಿದಳು. ಹದಿನಾರೇ ವರ್ಷ ಆಯುಸ್ಸು ಪಡೆದು ಹುಟ್ಟಿದ ಹುಡುಗ. ಅವನನ್ನು ಮದುವೆಯಾದ ಹುಡುಗಿ. ಆ ಹುಡುಗಿಯ ತಾಯಿ ಮಾಡಿದ್ದ ಗೌರಿವ್ರತ. ಹುಡುಗನನ್ನು ಕಚ್ಚಲು ಹಾವು ಬಂತು.

"ಹಾವು ಬಂತು," ಎಂದಳು ಶೇಷಮ್ಮ. ನಿಂತಳು. "ಹಾವು ಬಂತು..."

ಮುಂದೆ ಬರಲಿಲ್ಲ. ತುಪ್ಪ ಚಿಟಚಿಟ ಎಂದಿತು. ನಾನು ಕಾಯುತ್ತಿದ್ದೆ. ವಾರಿಜಾಳ ಬೆರಳು ಸುಡುತ್ತಿರುವುದು ನನಗೆ ತಿಳಿಯುತ್ತಿತ್ತು. ಅವಳಿಗೆ ಕಥೆ ಗೊತ್ತಿತ್ತು, ಆದರೆ ಹಿಡಿದವಳು ಮಾತಾಡುವಂತಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

"ಹುಡುಗಿ ಕಲಶ ತಂದು ಮುಂದಿಟ್ಟಳು," ಎಂದಿತು ಒಂದು ದನಿ. ಸರಸಮ್ಮನದು. ಜಗುಲಿಯ ದನಿಯಲ್ಲ, ಸಣ್ಣ ದನಿ.

ಶೇಷಮ್ಮ ಅವಳ ಕಡೆ ನೋಡಿದಳು. "ಹೌದು. ಕಲಶ ಇಟ್ಟಳು. ಹಾವು ಒಳಗೆ ಹೋಯ್ತು. ರವಿಕೆ ಬಿಚ್ಚಿ ಬಾಯಿ ಕಟ್ಟಿದಳು. ಬೆಳಿಗ್ಗೆ..."

"ಬೆಳಿಗ್ಗೆ ನೋಡಿದ್ರೆ ಮುತ್ತಿನ ಹಾರ," ಎಂದಳು ಸರಸಮ್ಮ. ಆಮೇಲೆ ಶೇಷಮ್ಮ ನಿಂತಲ್ಲೆಲ್ಲ ಅವಳು ಒಂದೊಂದು ಮಾತು ಕೊಡುತ್ತ ಹೋದಳು. ಯಾವ ಮಾತಿಗೆ ದನಿ ಎತ್ತಬೇಕು, ಎಲ್ಲಿ ಇಳಿಸಬೇಕು, ಎಲ್ಲ ಶೇಷಮ್ಮನ ಹಾಗೆಯೇ. ಹಾಗೇ ಕಥೆ ಮುಗಿಯಿತು.

ನನ್ನ ಮೇಲೆ ಕೂತ ಕಾಡಿಗೆ ಈ ಸಲ ತೆಳುವಾಗಿತ್ತು. ವಾರಿಜಾ ಗೌರಿಗೆ ಇಟ್ಟು, ತಾನು ಹಚ್ಚಿಕೊಂಡು, ಅತ್ತೆಯ ಮುಂದೆ ಮಂಡಿಯೂರಿದಳು. ಶೇಷಮ್ಮ ಅವಳ ಕೈ ತಡೆದಳು.

"ತೊಳೆದದ್ದು ಇವಳಲ್ಲ," ಎಂದಳು ಎಲ್ಲರಿಗೂ ಕೇಳುವಂತೆ. "ನಾನು. ನನಗೆ ಎಲ್ಲಾ ಮರೆತುಹೋಗ್ತಿದೆ. ಇವಳು ಸುಳ್ಳು ಹೇಳಿದಾಳೆ, ಗೌರಿ ಮುಂದೆ, ಇಂಥ ದಿನ. ಆ ಸುಳ್ಳು ಅವಳ ಮೇಲೆ ಇರೋದು ಬೇಡ."

ಸರಸಮ್ಮ ಎದ್ದು ಬಂದು ವಾರಿಜಾಳ ಬೆರಳಿನಿಂದ ಕಾಡಿಗೆ ತೆಗೆದುಕೊಂಡಳು. ಶೇಷಮ್ಮನ ಗಲ್ಲ ಹಿಡಿದಳು.

"ಸುಮ್ಮನಿರಿ. ನನಗೇನು ಗೊತ್ತಿಲ್ವೇ? ನಿಮ್ಮ ಉಪ್ಪಿನ ಕಾಫಿ ಕುಡಿದೋಳು ನಾನು. ಮೇಲೆ ನೋಡಿ, ಕಣ್ಣು ಅಲುಗಿಸಬೇಡಿ."

ಹೆಂಗಸರು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತರು. ನಾನು ಅವರ ನಡುವೆ ಇದ್ದೆ. ಬಲ್ಬು ಹತ್ತಿರಲಿಲ್ಲ.

"ಸುಳ್ಳು ಹೇಳುವಾಗ ನಿನಗೆ ಭಯ ಆಗಲಿಲ್ವೇನೇ?" ಎಂದಳು ಶೇಷಮ್ಮ.

"ಆಯ್ತು ಅತ್ತೆ. ಈಗಲೂ ಆಗ್ತಿದೆ."

ಶೇಷಮ್ಮ ಅವಳ ಸುಟ್ಟ ಬೆರಳಿಗೆ ಬೆಣ್ಣೆ ಹಚ್ಚಿದಳು. ಇಬ್ಬರೂ ಬಲ್ಬನ್ನು ನೋಡುತ್ತ ಕೂತರು. ಮಧ್ಯಾಹ್ನ ಮೂರರ ಹೊತ್ತಿಗೆ ಅದು ಹತ್ತಿತು. ಆಮೇಲೆ ಸ್ವಲ್ಪ ಹೊತ್ತಿಗೆ ನಾಗಭೂಷಣ ತೊಪ್ಪೆಯಾಗಿ ಬಂದು, ಹಸಿವು ಎಂದ. ವಾರಿಜಾ ಅವನ ಕಾಲಿಗೆ ನಮಸ್ಕಾರ ಮಾಡಿ ಏಳಲು ತುಂಬ ಹೊತ್ತು ಹಿಡಿಯಿತು.

ಶೇಷಮ್ಮ ಅದಾದ ಮೇಲೆ ಆರು ವರ್ಷ ಇದ್ದಳು. ಕಥೆ ಹೋಯಿತು, ಬೀದಿ ಹೋಯಿತು, ಕೊನೆಗೆ ಮಗನ ಹೆಸರೂ ಹೋಯಿತು. ಅವಳು ಚಡಪಡಿಸಿದಾಗ ವಾರಿಜಾ ನನ್ನನ್ನು ದೀಪದ ಮೇಲೆ ಹಿಡಿದು, ಬೇಕೆಂದೇ ಕಪ್ಪು ಮಾಡಿ, ಬೂದಿ ನಾರಿನ ಜೊತೆ ಅವಳ ಕೈಗೆ ಕೊಡುತ್ತಿದ್ದಳು. ಅವಳು ಉಜ್ಜುತ್ತ ಉಜ್ಜುತ್ತ ಶಾಂತಳಾಗುವಳು.

"ಹೋಯ್ತಾ?" ಎಂದು ಕೇಳುವಳು.

"ಹೋಯ್ತು ಅತ್ತೆ. ಚೆನ್ನಾಗಿ ಹೋಯ್ತು."

ಈಗ ನನಗೂ ವಯಸ್ಸಾಗಿದೆ. ಮನೆಗೆ ಅಂಟದ ಕಾವಲಿ ಬಂದಿದೆ. ನಾನು ಮುಟ್ಟಿದರೆ ಅದಕ್ಕೆ ಗೀರು ಬೀಳುತ್ತದಂತೆ. ಹಾಗಾಗಿ ಮೊಳೆಗೆ ನೇತುಹಾಕಿದ್ದಾರೆ. ಮೊದಲು ಹಿಡಿದ ಕಾಡಿಗೆಯಲ್ಲಿ ವ್ರತವಿತ್ತೋ ಎರಡನೆಯದರಲ್ಲೋ ಎಂದು ಇಲ್ಲಿಂದ ಆಗಾಗ ಯೋಚಿಸುತ್ತೇನೆ. ಕಬ್ಬಿಣದ ಬುದ್ಧಿಗೆ ಅದು ಬಗೆಹರಿಯುವುದಿಲ್ಲ. ಬೂದಿ ಮೆತ್ತಿದ ಆ ಮುದಿ ಕೈ ಮಾತ್ರ ನೆನಪಿಗೆ ಬರುತ್ತದೆ.

ಮಳೆಗಾಲದ ತೇವಕ್ಕೆ ನನ್ನ ಅಂಚಿಗೆ ತುಕ್ಕು ಹಿಡಿದಿದೆ. ಮೊನ್ನೆ ಯಾರೋ ಹೊಸದಾಗಿ ಕೆಲಸಕ್ಕೆ ಬಂದವರು ನನ್ನನ್ನು ಇಳಿಸಿ ಉಜ್ಜಲು ಹೊರಟರು.

"ಅದನ್ನ ಬಿಡಿ," ಎಂದಳು ವಾರಿಜಾ, ಒಳಗಿನಿಂದಲೇ. "ಅದನ್ನ ಉಜ್ಜೋರು ಬೇರೆ ಇದ್ರು."